ಒಂದು ಯೂನಿಟ್ಟಿನ ಜಮಾ ಖರ್ಚು

(ಕಡಬ ತಾಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ನಡೆದ ಕಾಲೇಜು ವಿದ್ಯಾರ್ಥಿಗಳ ಎನ್ನೆಸ್ಸೆಸ್ ಶಿಬಿರದಲ್ಲಿ ನಮ್ಮ ವರದಿಗಾರರು ನೀಡಿದ ಉಪನ್ಯಾಸದ ಬರಹರೂಪ)

ಈ ಸಭೆಗೆ ಬರುವ ಮೊದಲು ನಿಮ್ಮ ಶಿಬಿರದ ಅಡುಗೆ ಕೊಟ್ಟಿಗೆಗೆ ಇಣುಕಿ ಬಂದೆ. ಕಲ್ಲಿನ ಒಲೆಯಲ್ಲಿ ರಬ್ಬರ್ ಮರದ ಸೌದೆ ಉರಿಯುತ್ತಿತ್ತು, ಅದರ ಮೇಲೆ ಸಾಂಬಾರು. ಪಕ್ಕದ ಗ್ಯಾಸ್ ಒಲೆಯ ಮೇಲೆ ಚಹಾ. ಮೂಲೆಯಲ್ಲಿ ಗ್ರೈಂಡರು ತೆಂಗಿನಕಾಯಿ ಅರೆಯುತ್ತಿತ್ತು. ಬೇಲಿಯಾಚೆಯ ಮನೆಯ ಅಂಗಳದಲ್ಲಿ ಅಡಿಕೆ ಬಿಸಿಲಿಗೆ ಬಿದ್ದಿತ್ತು. ಹತ್ತಿಪ್ಪತ್ತು ಹೆಜ್ಜೆಯ ಒಳಗೆ ನಾಲ್ಕು ಬಗೆಯ ಶಕ್ತಿ ಕೆಲಸ ಮಾಡುತ್ತಿತ್ತು.

ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಚರ್ಚೆಗೆ ಇಟ್ಟರೆ ನೀವು ಎರಡು ಪಕ್ಷವಾಗಿ ರಾತ್ರಿಯವರೆಗೆ ವಾದಿಸಬಲ್ಲಿರಿ. ಪತ್ರಿಕೆಗೆ ಸೇರಿದ ಹೊಸತರಲ್ಲಿ ನಾನೂ ಹಾಗೆಯೇ ಕೇಳುತ್ತಿದ್ದೆ. ಈಗ ಬೇರೆ ಎರಡು ಪ್ರಶ್ನೆ ಕೇಳುವುದನ್ನು ಕಲಿತಿದ್ದೇನೆ. ಇದರ ಬೆಲೆ ಏನು? ಅದನ್ನು ಕೊಡುವವರು ಯಾರು? ಬಿಲ್ಲಿನಲ್ಲಿ ಬರೆದಿರುವುದು ಬೆಲೆಯ ಒಂದು ಭಾಗ ಮಾತ್ರ. ಉಳಿದದ್ದನ್ನು ಎಲ್ಲೋ ಯಾರೋ ಕೊಟ್ಟಿರುತ್ತಾರೆ. ಪುತ್ತೂರು, ಸುಳ್ಯ, ಕಡಬ, ಈ ಮೂರು ತಾಲೂಕುಗಳ ಉದಾಹರಣೆ ಹಿಡಿದು ಆ ಜಮಾ ಖರ್ಚನ್ನು ನೋಡೋಣ.

ಒಲೆ ಮತ್ತು ಅಂಗಳ

ನಮ್ಮ ಜಿಲ್ಲೆಯ ಹಳೆಯ ವರ್ಗ ಜಮೀನುಗಳಿಗೆ 'ಕುಮ್ಕಿ' ಎಂಬ ಹಕ್ಕು ಇದೆ. ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿದ್ದ ಕಾಲದಿಂದ ಬಂದದ್ದು. ಸಾಗುವಳಿ ಭೂಮಿಯ ಗಡಿಯಿಂದ 100 ಗಜದವರೆಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಹುಲ್ಲು ತೆಗೆಯುವ ಅವಕಾಶ ಅದು. ಕಂದಾಯದ ಭಾಷೆಯಲ್ಲಿ ಅದೊಂದು ಸವಲತ್ತು. ನನ್ನ ದೃಷ್ಟಿಯಲ್ಲಿ ಅದು ಆ ಕಾಲದ ಇಂಧನ ನೀತಿ. ಗದ್ದೆ ತೋಟಕ್ಕೆ ಗೊಬ್ಬರವೂ ಒಲೆಗೆ ಬೆಂಕಿಯೂ ಬೇಕು, ಅದಕ್ಕೆ ಗುಡ್ಡ ಬೇಕು ಎಂಬ ತಿಳುವಳಿಕೆ ಅದರಲ್ಲಿತ್ತು. ವರ್ಗದಾರನಲ್ಲದ ಒಕ್ಕಲಿಗೆ, ಕೂಲಿಯವನಿಗೆ ಆ ಹಕ್ಕು ಇರಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು. ಇಂಧನದಲ್ಲಿ ಉಳ್ಳವರು, ಇಲ್ಲದವರು ಎಂಬ ಭೇದ ಹುಟ್ಟಿದ್ದು ಕರೆಂಟು ಬಂದ ಮೇಲೆ ಅಲ್ಲ.

ಸೌದೆ ಪುಕ್ಕಟೆ ಎಂದು ನಾವು ಹೇಳುವುದುಂಟು. ಮಡಲು, ಗೆರಟೆ, ಅಡಿಕೆ ಸಿಪ್ಪೆ ಎಲ್ಲ ತೋಟದ್ದೇ. ಅವನ್ನು ಉರಿಸಿದರೆ ಕಾಡು ಕಡಿಯಬೇಕಾಗಿಲ್ಲ, ಪೇಟೆಗೆ ದುಡ್ಡು ಹೋಗುವುದಿಲ್ಲ. ಈಗ ಸುಳ್ಯ, ಕಡಬದ ಕಡೆ ಹಳೆಯ ರಬ್ಬರ್ ಮರದ ಸೌದೆಯೂ ಸಿಗುತ್ತದೆ. ಆದರೆ ಹಳೆಯ ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲಿ ಒಂದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಹೊಗೆಯಂತೂ ಅಡುಗೆ ಮಾಡುವವರ ಕಣ್ಣಿಗೆ, ಶ್ವಾಸಕೋಶಕ್ಕೆ. ನಮ್ಮ ಅಜ್ಜಿ ಸಂಜೆಯಾದರೆ ಕಣ್ಣು ಉಜ್ಜುತ್ತಾ ಜಗಲಿಗೆ ಬರುತ್ತಿದ್ದರು. "ವಯಸ್ಸಾಯಿತು ಮಗಾ" ಎನ್ನುತ್ತಿದ್ದರು. ಅದು ವಯಸ್ಸು ಮಾತ್ರ ಆಗಿರಲಿಲ್ಲ. ಪುಕ್ಕಟೆ ಸೌದೆಯ ಬಿಲ್ಲನ್ನು ಅವರು ಐವತ್ತು ವರ್ಷ ಕಟ್ಟಿದ್ದರು.

ಇದಕ್ಕೆ ಉತ್ತರ ಕರ್ನಾಟಕದಲ್ಲೇ ಹುಟ್ಟಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರ ಹೊಗೆ ಕೊಳವೆಯ ಒಲೆಯೊಂದನ್ನು ರೂಪಿಸಿತು. ಅಸ್ತ್ರ ಒಲೆ ಎಂದರೆ ಹಿರಿಯರಿಗೆ ನೆನಪಾಗುತ್ತದೆ. ಅದೇ ಸೌದೆಯಿಂದ ಎರಡು ಮೂರು ಪಟ್ಟು ಕೆಲಸ, ಹೊಗೆ ಮಾಡಿನ ಹೊರಗೆ. ಅಣೆಕಟ್ಟು ಬೇಡ, ಲೈನು ಬೇಡ; ಮಣ್ಣು, ಇಟ್ಟಿಗೆ, ಒಂದು ಕೊಳವೆ ಸಾಕು.

ಇನ್ನು ಅಂಗಳ. ಮಲೆನಾಡಿನ ಕೆಂಪಡಿಕೆಯನ್ನು ಬೇಯಿಸಬೇಕು, ಅದಕ್ಕೆ ರಾಶಿ ಸೌದೆ ಬೇಕು. ನಮ್ಮದು ಚಾಲಿ. ಹಣ್ಣಡಿಕೆಯನ್ನು ಅಂಗಳದಲ್ಲಿ ಹರವಿ 40-45 ದಿನ ಬಿಸಿಲಿಗೆ ಒಣಗಿಸಿದರೆ ಆಯಿತು. ಸೌರಶಕ್ತಿ ನಮಗೆ ಹೊಸತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ಸೀಮೆಯ ಮುಖ್ಯ ಬೆಳೆ ತಲೆಮಾರುಗಳಿಂದ ಪೇಟೆಗೆ ಹೋಗುತ್ತಿರುವುದು ಸೂರ್ಯನ ಬಲದಿಂದಲೇ. ಅದಕ್ಕೂ ಬೆಲೆ ಇದೆ: ಅಗಲವಾದ ಅಂಗಳ, ತಿಂಗಳೂ ಮೀರಿದ ಕಾಯುವಿಕೆ, ಮೋಡ ಕಂಡರೆ ಓಡಿಹೋಗಿ ಗೋರುವ ಕೈಗಳು. ಶಕ್ತಿ ಅಗ್ಗವಾದಲ್ಲಿ ಶ್ರಮ ಮತ್ತು ಸ್ಥಳ ತುಟ್ಟಿ ಎಂಬ ಪಾಠ ಅಂಗಳದಲ್ಲೇ ಇದೆ.

ಸಿಲಿಂಡರು ಮತ್ತು ಹಟ್ಟಿ

ಗ್ಯಾಸ್ ಸಿಲಿಂಡರು ಅಡುಗೆಮನೆಯ ಹೊಗೆಯನ್ನು ಹೋಗಲಾಡಿಸಿತು. ಅದನ್ನು ಹಗುರವಾಗಿ ಕಾಣುವವರು ಒಂದು ವಾರ ಸೌದೆ ಒಲೆ ಊದಿ ನೋಡಬೇಕು. ಆದರೆ ಈ ಅನಿಲದ ದೊಡ್ಡ ಪಾಲು ವಿದೇಶದಿಂದ ಹಡಗಿನಲ್ಲಿ ಮಂಗಳೂರಿಗೆ ಬರುತ್ತದೆ. ಅಲ್ಲಿಂದ ಟ್ಯಾಂಕರುಗಳು ನಮ್ಮ ಹೆದ್ದಾರಿಯಲ್ಲಿ ಘಟ್ಟ ಹತ್ತುತ್ತವೆ. 2013ರ ಏಪ್ರಿಲಿನಲ್ಲಿ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಅಂಥ ಒಂದು ಟ್ಯಾಂಕರು ಮಗುಚಿತು. ಅನಿಲ ಹರಡಿ ಬೆಂಕಿ ಹೊತ್ತಿತು. ರಸ್ತೆ ಬದಿಯ ಮನೆಗಳು ಸುಟ್ಟವು, ಮನೆಯಲ್ಲಿದ್ದವರು ಸತ್ತರು. ಆಗ ನಾನು ಹೈಸ್ಕೂಲು ಹುಡುಗ. ಮರುದಿನ ನಮ್ಮ ಬಸ್ಸು ಆ ದಾರಿಯಾಗಿ ಹೋಗಲಿಲ್ಲ, ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಸತ್ತವರು ಆ ಟ್ಯಾಂಕರಿನ ಗಿರಾಕಿಗಳಲ್ಲ. ಬೇರೆಲ್ಲೋ ಉರಿಯಬೇಕಾಗಿದ್ದ ಒಲೆಗಳ ಬೆಲೆಯನ್ನು ಅವರು ತೆತ್ತರು.

ಇದರ ಎದುರಿಗೆ ಹಟ್ಟಿಯ ಗೋಬರ್ ಗ್ಯಾಸ್ ಇಟ್ಟು ನೋಡಿ. ಲೆಕ್ಕ ಸುಲಭ. ಸುಮಾರು 25 ಕಿಲೋ ಸೆಗಣಿಯಿಂದ 1 ಘನ ಮೀಟರ್ ಅನಿಲ. 2 ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ 50 ಕಿಲೋ, ಅಂದರೆ ನಾಲ್ಕೈದು ಜಾನುವಾರು ಬೇಕು. 1 ಘನ ಮೀಟರ್ ಗೋಬರ್ ಗ್ಯಾಸ್ ಸುಮಾರು 450 ಗ್ರಾಂ ಎಲ್‌ಪಿಜಿಗೆ ಸಮ. ಹಾಗಾದರೆ ಈ ಸ್ಥಾವರ ದಿನಕ್ಕೆ 900 ಗ್ರಾಂನಷ್ಟು ಕೊಡುತ್ತದೆ, 14.2 ಕಿಲೋದ ಸಿಲಿಂಡರು ಒಂದನ್ನು ಹದಿನಾರು ದಿನಕ್ಕೊಮ್ಮೆ ಮನೆಯಲ್ಲೇ ತಯಾರಿಸಿದ ಹಾಗೆ. ಮೇಲಿಂದ ಸ್ಲರಿ ತೋಟಕ್ಕೆ ಗೊಬ್ಬರ. ಸಾಗಾಟವಿಲ್ಲ, ಟ್ಯಾಂಕರಿಲ್ಲ.

ಹಾಗಿದ್ದರೂ ನಮ್ಮ ಮನೆಯ ಡೋಮಿನ ಮೇಲೆ ಇಂದು ಹುಲ್ಲು ಬೆಳೆದಿದೆ. ಕಾರಣ ತಂತ್ರಜ್ಞಾನದ್ದಲ್ಲ. ಅಮ್ಮನಿಗೆ ಸೊಂಟ ನೋವು, ಅಪ್ಪನಿಗೆ ವಯಸ್ಸು, ನಾನು ಪೇಟೆಯಲ್ಲಿ. ಐದು ದನ ಎರಡಾಯಿತು, ಎರಡು ಒಂದಾಯಿತು. "ನೀನು ಹಟ್ಟಿ ತೊಳೆಯಲಿಕ್ಕೆ ಬರುವುದಾದರೆ ನಾಳೆಯೇ ದನ ತರುವಾ" ಎಂದು ಅಪ್ಪ ಒಮ್ಮೆ ಹೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಪರಿಸರಕ್ಕೆ ಒಳ್ಳೆಯದಾದ ಇಂಧನ ಬಹಳ ಸಲ ಮನೆಯ ಹೆಂಗಸರ, ವೃದ್ಧರ ಬೆನ್ನಿನ ಮೇಲೆ ನಿಂತಿರುತ್ತದೆ. ಲೇಖನ ಬರೆಯುವವರು ಅದನ್ನು ಮರೆಯಬಾರದು.

ನೀರು

ಈಗ ಕರೆಂಟಿಗೆ ಬರೋಣ. ಮೈಸೂರು ಸಂಸ್ಥಾನದಲ್ಲಿ 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ರಾಜ್ಯದ ಹಿರಿಯ ವಿದ್ಯುತ್ ಕಥೆಯೆಲ್ಲ ನೀರಿನ ಕಥೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಶರಾವತಿ ರಾಜ್ಯಕ್ಕೆ ಅತಿ ಅಗ್ಗದ ವಿದ್ಯುತ್ತನ್ನು ಕೊಟ್ಟಿತು. ಹೊಗೆ ಇಲ್ಲ, ಬೂದಿ ಇಲ್ಲ, ಇಂಧನಕ್ಕೆ ಕಾಸಿಲ್ಲ. ಆದರೆ ಮನೆ ಗದ್ದೆ ಮುಳುಗಿಸಿಕೊಂಡು ಎದ್ದುಹೋದ ಕುಟುಂಬಗಳು ತಮಗೆ ಕೊಟ್ಟ ಜಾಗದ ಹಕ್ಕುಪತ್ರಕ್ಕಾಗಿ ಅರ್ಧ ಶತಮಾನ ದಾಟಿದ ಮೇಲೂ ಅಲೆಯುತ್ತಿವೆ. ಅಗ್ಗ ಎಂಬ ಪದದ ಅರ್ಥವನ್ನು ಅವರ ಹತ್ತಿರ ಕೇಳಬೇಕು.

ನಮ್ಮ ಬಾಗಿಲಿಗೂ ಅಂಥದ್ದೊಂದು ಬಂದಿತ್ತು. ಕೆಂಪುಹೊಳೆ, ಅಡ್ಡಹೊಳೆ ಮುಂತಾದವು ಕೂಡಿ ಗುಂಡ್ಯ ಹೊಳೆಯಾಗುತ್ತದೆ, ಗುಂಡ್ಯ ಕುಮಾರಧಾರಾವನ್ನು ಸೇರುತ್ತದೆ, ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಈ ಹೊಳೆಗಳ ತಲೆಯಲ್ಲಿ ಕರ್ನಾಟಕ ವಿದ್ಯುತ್ ನಿಗಮ ಗುಂಡ್ಯ ಯೋಜನೆಯನ್ನು ಸೂಚಿಸಿತು. ಮೊದಲ ಹಂತ 200 ಮೆಗಾವಾಟ್, ಎರಡನೆಯ ಹಂತ ಇನ್ನೊಂದು 200. 2010ರಲ್ಲಿ ಕೇಂದ್ರ ಸರಕಾರ ನೇಮಿಸಿದ ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಪಶ್ಚಿಮಘಟ್ಟ ಸಮಿತಿ ಈ ಪ್ರದೇಶವನ್ನು ನೋಡಿ, ಜನರ ಮಾತು ಕೇಳಿ, ಯೋಜನೆಗೆ ಅನುಮತಿ ಕೊಡಬಾರದು ಎಂದು 2011ರ ವರದಿಯಲ್ಲಿ ಶಿಫಾರಸು ಮಾಡಿತು. ಅಣೆಕಟ್ಟು ಇಂದಿಗೂ ಎದ್ದಿಲ್ಲ. ಅದೇ ಗಾಡ್ಗೀಳ್ ವರದಿಯನ್ನೂ ಬಳಿಕ ಬಂದ ಕಸ್ತೂರಿರಂಗನ್ ವರದಿಯನ್ನೂ ನಮ್ಮದೇ ಘಟ್ಟದ ಬುಡದ ಗ್ರಾಮಸ್ಥರು ಕೃಷಿಗೆ ನಿರ್ಬಂಧ ಬರುತ್ತದೆಂಬ ಭಯದಿಂದ ವಿರೋಧಿಸಿದರು ಎಂಬುದನ್ನೂ ಹೇಳದಿದ್ದರೆ ಚಿತ್ರ ಅರ್ಧವಾಗುತ್ತದೆ. ಹೊಳೆ ಉಳಿಯಬೇಕು, ತೋಟವೂ ಉಳಿಯಬೇಕು, ಕರೆಂಟು ಹೋಗಬಾರದು. ಮೂರೂ ನ್ಯಾಯವಾದ ಬೇಡಿಕೆ. ಮೂರೂ ಒಟ್ಟಿಗೆ ಸಿಗುವುದು ಹೇಗೆ ಎಂಬುದೇ ಕಷ್ಟ.

ಸಣ್ಣದರಲ್ಲಿ ಒಂದು ದಾರಿ ಇದೆ. ಘಟ್ಟದ ಬುಡದ ಕೆಲವು ಮನೆಗಳಲ್ಲಿ ತೋಡಿನ ನೀರನ್ನು ಪೈಪಿನಲ್ಲಿ ಇಳಿಸಿ ಪುಟ್ಟ ಟರ್ಬೈನು ತಿರುಗಿಸುತ್ತಾರೆ. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಕೆಳಗೆ ಬಿದ್ದರೆ ಲೆಕ್ಕದ ಪ್ರಕಾರ ಸುಮಾರು 2 ಕಿಲೋವಾಟ್, ಕೈಗೆ ಸಿಗುವುದು ಅದರ ಅರ್ಧ, 1 ಕಿಲೋವಾಟ್. ಹಗಲಿರುಳು ತಿರುಗಿದರೆ ದಿನಕ್ಕೆ 24 ಯೂನಿಟ್. ಯಾರ ಮನೆಯೂ ಮುಳುಗುವುದಿಲ್ಲ, ನೀರು ಮತ್ತೆ ತೋಡಿಗೇ ಸೇರುತ್ತದೆ. ಆದರೆ ಜನವರಿ ದಾಟಿದರೆ ತೋಡು ಬತ್ತುತ್ತದೆ. ನಮಗೆ ಕರೆಂಟು ಹೆಚ್ಚು ಬೇಕಾಗುವುದು ಆಗಲೇ, ತೋಟಕ್ಕೆ ಪಂಪು ಹಾಕುವ ಕಾಲದಲ್ಲಿ. ನೀರು ಇದ್ದಾಗ ಬೇಡಿಕೆ ಇಲ್ಲ, ಬೇಡಿಕೆ ಇದ್ದಾಗ ನೀರಿಲ್ಲ. ಈ ಮಾತನ್ನು ಮನಸ್ಸಿನಲ್ಲಿಡಿ.

ಕಲ್ಲಿದ್ದಲು ಮತ್ತು ಅಣು

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. 1985ರಲ್ಲಿ ಆರಂಭವಾದ ರಾಯಚೂರು ಸ್ಥಾವರಕ್ಕೆ ಹೊರರಾಜ್ಯದಿಂದ ರೈಲಿನಲ್ಲಿ ಬರಬೇಕು. ಪಕ್ಕದ ಉಡುಪಿ ಜಿಲ್ಲೆಯ ಎಲ್ಲೂರಿನ 1200 ಮೆಗಾವಾಟಿನ ಸ್ಥಾವರಕ್ಕೆ ವಿದೇಶದಿಂದ ಹಡಗಿನಲ್ಲಿ ಬರಬೇಕು. ಮಳೆ ಕೈಕೊಟ್ಟ ವರ್ಷ ನಮ್ಮನ್ನು ಕಾಯುವುದು ಈ ಕಪ್ಪು ಕಲ್ಲೇ. ಅದನ್ನು ಬಯ್ಯುವ ಮೊದಲು ಈ ಉಪಕಾರವನ್ನು ಒಪ್ಪಬೇಕು.

ಈಗ ಲೆಕ್ಕ. 5 ಎಚ್.ಪಿ. ಪಂಪು ದಿನಕ್ಕೆ ನಾಲ್ಕು ಗಂಟೆ ಓಡಿದರೆ ಸುಮಾರು 15 ಯೂನಿಟ್. ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು. ಎಲ್ಲವೂ ಕಲ್ಲಿದ್ದಲಿನಿಂದಲೇ ಬಂದದ್ದಾದರೆ ನಮ್ಮ ತೋಟಕ್ಕೆ ದಿನಕ್ಕೆ 10 ಕಿಲೋ, ಒಂದು ಬುಟ್ಟಿ ಕಲ್ಲಿದ್ದಲು. ದೇಶೀ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲಿನಷ್ಟು ಬೂದಿ. ಅಂದರೆ ಬುಟ್ಟಿಗೆ ಮೂರು ಕಿಲೋ. ಆ ಬುಟ್ಟಿ ನಮಗೆ ಕಾಣುವುದಿಲ್ಲ, ಬೂದಿಯೂ ಕಾಣುವುದಿಲ್ಲ. 2008ರಿಂದ 10 ಎಚ್.ಪಿ.ವರೆಗಿನ ನೀರಾವರಿ ಪಂಪಿಗೆ ಕರೆಂಟು ಉಚಿತ. 2023ರಿಂದ ಮನೆಗೆ ಗೃಹಜ್ಯೋತಿ. ಬಡವರಿಗೆ ಇದರಿಂದ ಉಪಕಾರವಾಗಿದೆ, ನಿಜ. ಆದರೆ ಬಿಲ್ಲು ಸೊನ್ನೆ ಆದ ದಿನ ಬುಟ್ಟಿ ಸೊನ್ನೆ ಆಗಲಿಲ್ಲ. ಎಲ್ಲೂರಿನ ಸುತ್ತಿನ ತೋಟ, ಬಾವಿಗಳವರು ಬೂದಿ ಮತ್ತು ಉಪ್ಪುನೀರಿನ ದೂರು ಹೇಳಿಕೊಂಡೇ ಬಂದಿದ್ದಾರೆ.

ಅಣುಶಕ್ತಿಗೂ ನಮ್ಮ ಊರಿಗೂ ಒಂದು ಸಂಬಂಧ ಇದೆ. ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರು ಕೈಗಾ ಸ್ಥಾವರವನ್ನು ಎದುರಿಸಿದರು. ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಕೈಗಾ ಆಯಿತು, 220 ಮೆಗಾವಾಟಿನ ನಾಲ್ಕು ಘಟಕಗಳು ಅಲ್ಲಿವೆ. ಅದರ ಮೊದಲ ಘಟಕ 2018ರಲ್ಲಿ 962 ದಿನ ಎಡೆಬಿಡದೆ ಓಡಿ ವಿಶ್ವದಾಖಲೆ ಮಾಡಿತು. ಹೊಗೆಯಿಲ್ಲದೆ ಹಗಲಿರುಳು ವಿದ್ಯುತ್ ಕೊಡುವ ಅದರ ಗುಣವನ್ನು ಅಲ್ಲಗಳೆಯಲಾಗದು. ಉಳಿಕೆ ಇಂಧನವನ್ನು ಸಾವಿರಾರು ವರ್ಷ ಕಾಯುವವರು ಯಾರು ಎಂಬ ಪ್ರಶ್ನೆಯೂ ಹಾಗೆಯೇ ಉಳಿದಿದೆ. ಕಾರಂತರು ಚುನಾವಣೆ ಸೋತರು, ಪ್ರಶ್ನೆ ಸೋಲಲಿಲ್ಲ.

ಸೂರ್ಯ

ಪಾವಗಡದ ಸೌರ ಉದ್ಯಾನ 13,000 ಎಕ್ರೆ, 2050 ಮೆಗಾವಾಟ್. ರೈತರು ಭೂಮಿ ಮಾರಲಿಲ್ಲ. ಎಕ್ರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆ ಕೊಟ್ಟರು. ಮಳೆಯೇ ಕಾಣದ ಭೂಮಿಗೆ ಅದು ಖಾತ್ರಿಯ ಬೆಳೆ. ಆದರೆ ಗುತ್ತಿಗೆ ಹಣ ಭೂಮಿ ಇದ್ದವನಿಗೆ ಬಂತು; ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ, ಕುರಿ ಮೇಯಿಸುತ್ತಿದ್ದವನಿಗೆ ಬರಲಿಲ್ಲ. ಕುಮ್ಕಿಯ ಕಾಲದ ಭೇದ ಇಲ್ಲೂ ಮುಂದುವರಿಯಿತು.

ನಮ್ಮಲ್ಲಿ 13,000 ಎಕ್ರೆ ಬಯಲು ಇಲ್ಲ, ಮಾಡು ಇದೆ. 1 ಕಿಲೋವಾಟಿಗೆ ಸುಮಾರು 100 ಚದರ ಅಡಿ ಸಾಕು. ಬಿಸಿಲಿನ ದಿನ ನಾಲ್ಕು ಯೂನಿಟ್ ಬರುತ್ತದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ಇದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮ ಆಕಾಶ ಕಪ್ಪು, ಆಗ ಉತ್ಪತ್ತಿ ಬಹಳ ಇಳಿಯುತ್ತದೆ ಎಂದು ಹಲವರು ಹಿಂಜರಿಯುತ್ತಾರೆ. ಇಲ್ಲಿ ನಾನು ಮನಸ್ಸಿನಲ್ಲಿಡಿ ಎಂದ ಮಾತನ್ನು ತೆಗೆಯಿರಿ. ಮಳೆಗಾಲದಲ್ಲಿ ತೋಟಕ್ಕೆ ಪಂಪು ಬೇಡ. ಡಿಸೆಂಬರಿನಿಂದ ಮೇವರೆಗೆ ಬೇಕು. ಬಿಸಿಲು ಸುಡುವುದೂ ಆಗಲೇ. ನೀರಿನ ವಿದ್ಯುತ್ತು ಕೈಬಿಡುವ ಋತುವಿನಲ್ಲಿ ಸೂರ್ಯ ಕೈಹಿಡಿಯುತ್ತಾನೆ. ಪಂಪಿಗೆ ಬ್ಯಾಟರಿಯೂ ಬೇಡ, ಬಿಸಿಲಿದ್ದಾಗ ನೀರೆತ್ತಿ ಟ್ಯಾಂಕಿಗೆ ತುಂಬಿಸಿದರೆ ಅದೇ ದಾಸ್ತಾನು. ಕಂಬ ಬೀಳುವ ಮಳೆಗಾಲದಲ್ಲಿ ತೋಡಿನ ಟರ್ಬೈನು, ಬೇಸಗೆಯಲ್ಲಿ ಸೂರ್ಯ: ಈ ಜೋಡಿ ನಮ್ಮ ಹವೆಗೆ ಹೇಳಿ ಮಾಡಿಸಿದಂತಿದೆ.

ತೊಡಕೂ ಇದೆ. 5 ಎಚ್.ಪಿ. ಪಂಪಿಗೆ ಸುಮಾರು 500 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಅಡಿಕೆ ತೋಟದ ನಡುವಿನ ಮನೆಗೆ ಅದು ಸುಲಭವಲ್ಲ. ರಾತ್ರಿಯ ದೀಪಕ್ಕೆ ಬ್ಯಾಟರಿ ಇಟ್ಟರೆ ಕೆಲವು ವರ್ಷಕ್ಕೆ ಅದು ಸಾಯುತ್ತದೆ. ಅದರ ಸೀಸ ಎಲ್ಲಿಗೆ ಹೋಗುತ್ತದೆಂದು ಗುಜರಿಯವನನ್ನು ನಾವು ಕೇಳುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಕರೆಂಟು ಉಚಿತ ಇರುವಾಗ ಕೈಯಿಂದ ದುಡ್ಡು ಹಾಕಿ ಪ್ಯಾನೆಲ್ ಕೂರಿಸುವವರು ಯಾರು? ಒಂದು ಕೈಯ ಸಬ್ಸಿಡಿ ಇನ್ನೊಂದು ಕೈಯ ಸಬ್ಸಿಡಿಯನ್ನು ಹೊಡೆಯುತ್ತದೆ.

ಲೈನು

ಕೊನೆಗೆ ಎಲ್ಲರೂ ಮರೆಯುವ ಲೆಕ್ಕ. ವಿದ್ಯುತ್ತು ಎಲ್ಲಿಯೇ ಹುಟ್ಟಲಿ, ತಂತಿಯ ಮೇಲೆ ಬರಬೇಕು. 110 ಕೆ.ವಿ. ಲೈನಿಗೆ 22 ಮೀಟರ್ ಅಗಲದ ದಾರಿ ಬೇಕು. ಅಡಿಕೆ ಸಾಲಿನ ಅಂತರ 9 ಅಡಿ. ಅಂದರೆ ಎಂಟು ಸಾಲು ಹೋಗುತ್ತದೆ. 100 ಮೀಟರ್ ಉದ್ದಕ್ಕೆ ಸುಮಾರು 300 ಮರ. ಉಡುಪಿಯಿಂದ ಕಾಸರಗೋಡಿಗೆ ಹೋಗುವ 400 ಕೆ.ವಿ. ಲೈನನ್ನು ವಿಟ್ಲದ ಕಡೆಯ ರೈತರು ವಿರೋಧಿಸಿದ್ದು ಸುಮ್ಮನೆ ಅಲ್ಲ. ಅದಕ್ಕೆ ಇದರ ಎರಡು ಪಟ್ಟು ಅಗಲ ಬೇಕು.

ಟವರಿಗಾಗಿ ಭೂಮಿಯನ್ನು ಸ್ವಾಧೀನ ಮಾಡುವುದಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯಿಂದ ಬಂದ ಅಧಿಕಾರದಲ್ಲಿ ತಂತಿ ಎಳೆಯುತ್ತಾರೆ. ಭೂಮಿ ನಿಮ್ಮದೇ, ಆದರೆ ಅಡಿಕೆ ನೆಡುವಂತಿಲ್ಲ. 2015ರ ಕೇಂದ್ರದ ಮಾರ್ಗಸೂಚಿ ಟವರಿನ ಬುಡಕ್ಕೆ ಭೂಮಿ ಬೆಲೆಯ ಶೇ. 85, ತಂತಿಯ ಕೆಳಗಿನ ಜಾಗಕ್ಕೆ ಶೇ. 15ರವರೆಗೆ ಪರಿಹಾರ ಎಂದಿತು. 2024ರಲ್ಲಿ ಅದನ್ನು ಶೇ. 200 ಮತ್ತು ಶೇ. 30ಕ್ಕೆ ಏರಿಸಿದರು. ಲೈನಿನ ಕೆಳಗೆ ಬಂದ ನಮ್ಮ ನೆಂಟರೊಬ್ಬರನ್ನು ಮಾತಾಡಿಸಲು ಹೋಗಿದ್ದೆ. "ಭಾವಾ, ನಿಮ್ಮ ಪೇಪರಿನಲ್ಲಿ ಸುಳ್ಯಕ್ಕೆ ಕರೆಂಟು ಸಾಲದು ಎಂದು ಬರೆದವರು ನೀವೇ ಅಲ್ಲವೋ?" ಎಂದು ಕೇಳಿದರು. ಹೌದು, ಬರೆದವನು ನಾನೇ. ಬೇಸಗೆಯಲ್ಲಿ ವೋಲ್ಟೇಜು ಇಲ್ಲದೆ ಪಂಪು ಸುಟ್ಟವರ ಕಷ್ಟ ಕೇಳಿ ಬರೆದದ್ದು. ಅದೂ ಸುಳ್ಳಲ್ಲ. ಆದರೆ ಆ ವರದಿಯ ಬೆಲೆ ಇವರ ಎಂಟು ಸಾಲು ಮರ ಎಂದು ಆಗ ನನಗೆ ಹೊಳೆದಿರಲಿಲ್ಲ. ಅವರು ಚಹಾ ಕೊಟ್ಟರು, ಬೇರೆ ಏನೂ ಹೇಳಲಿಲ್ಲ.

ಮಿತ್ರರೇ, ಇಷ್ಟೆಲ್ಲ ಕೇಳಿ ಯಾವ ಶಕ್ತಿಯೂ ಬೇಡ ಎಂಬ ತೀರ್ಮಾನಕ್ಕೆ ಬರಬೇಡಿ. ಅದು ಹೊಟ್ಟೆ ತುಂಬಿದವರ ಮಾತು. ನನಗೆ ತೋರುವುದು ಮೂರು ಸಂಗತಿ. ಮೊದಲನೆಯದು, ಉಳಿಸಿದ ಯೂನಿಟ್ಟಿನಷ್ಟು ಅಗ್ಗದ ಯೂನಿಟ್ಟು ಇನ್ನೊಂದಿಲ್ಲ. ಅದಕ್ಕೆ ಅಣೆಕಟ್ಟೂ ಬೇಡ, ಟವರೂ ಬೇಡ. ಎರಡನೆಯದು, ಶಕ್ತಿ ಬೇಕಾದಲ್ಲಿಗೆ ಎಷ್ಟು ಸಮೀಪ ಹುಟ್ಟಿದರೆ ಅಷ್ಟು ಕಡಿಮೆ ಜನ ಅದಕ್ಕಾಗಿ ಎದ್ದುಹೋಗಬೇಕಾಗುತ್ತದೆ. ಮೂರನೆಯದು, ದೂರದಿಂದ ತರಲೇಬೇಕಾದಾಗ ಬೆಲೆ ಕೊಡುವವನನ್ನು ಮೊದಲು ಕೇಳಬೇಕು, ಅವನಿಗೆ ನ್ಯಾಯವಾದದ್ದನ್ನು ಕೊಡಬೇಕು.

ನಮ್ಮ ಮನೆಯಲ್ಲಿ ಈ ವರ್ಷ ಎರಡು ಕೆಲಸ ಆಯಿತು. ಅಪ್ಪ ಹಳೆಯ ಪಂಪನ್ನು ತೆಗೆದು ಕಡಿಮೆ ಕರೆಂಟು ಎಳೆಯುವ ಪಂಪು ಕೂರಿಸಿದರು, ತೋಟಕ್ಕೆ ಹನಿ ನೀರಾವರಿ ಹಾಕಿಸಿದರು. ನಾಲ್ಕು ಗಂಟೆ ಓಡುತ್ತಿದ್ದದ್ದು ಎರಡೂವರೆಗೆ ಇಳಿದಿದೆ. ಬಿಲ್ಲಿನಲ್ಲಿ ಏನೂ ವ್ಯತ್ಯಾಸ ಇಲ್ಲ, ಅದು ಮೊದಲೂ ಸೊನ್ನೆ, ಈಗಲೂ ಸೊನ್ನೆ. "ಮತ್ತೆ ಲಾಭ ಎಂತದು?" ಎಂದು ಅಮ್ಮ ಕೇಳಿದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾವಿಯಲ್ಲಿ ನೀರು ಉಂಟಲ್ಲ" ಎಂದರು.

ಶಿಬಿರ ಮುಗಿಸಿ ಮನೆಗೆ ಹೋದ ಮೇಲೆ ನೀವೂ ಒಂದು ವಾರ ಲೆಕ್ಕ ಬರೆದು ನೋಡಿ. ಸೌದೆ ಎಷ್ಟು, ಗ್ಯಾಸ್ ಎಷ್ಟು, ಯೂನಿಟ್ ಎಷ್ಟು. ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆಯಿರಿ: ಇದಕ್ಕೆ ಬೆಲೆ ಕೊಟ್ಟವರು ಯಾರು? ಮೊದಲ ಕಾಲಂ ಅರ್ಧ ಗಂಟೆಯ ಕೆಲಸ. ಎರಡನೆಯದನ್ನು ತುಂಬಿಸಲು ಮನೆಯವರ ಹತ್ತಿರ, ನೆರೆಯವರ ಹತ್ತಿರ ಕುಳಿತು ಮಾತಾಡಬೇಕಾಗುತ್ತದೆ. ಆ ಮಾತು ಶುರುವಾದರೆ ಸಾಕು.